ಅಪ್ಪನ ನಾಲ್ಕು ವಾಲ್ವುಗಳು

ಬೆಳಿಗ್ಗೆ ಹತ್ತಕ್ಕೆ ಮರದ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಗಿದ್ದದ್ದು ಬರೀ ಗಾಜಿನ ಚೂರು. ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ ನಾಲ್ಕು ಗಾಜಿನ ವಾಲ್ವುಗಳ ಚೂರು. ಅಂಗಡಿಯ ಬೀಗ ಒಡೆದಿರಲಿಲ್ಲ. ಬೇರೆ ಒಂದು ಮೊಳೆಯೂ ಕಾಣೆಯಾಗಿರಲಿಲ್ಲ.

ಹನ್ನೊಂದಕ್ಕೆ ನಾನು ಅಲ್ಲಿದ್ದೆ. ಖುಷಿಯಿಂದ ಹೋಗಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಜೊತೆ ತರಬೇತಿ ಮುಗಿಸಿದವಳು ಮೂರು ವಾರದ ಹಿಂದೆ ಬಡ್ತಿ ಪಡೆದು ಕೊಲೆ ಕೇಸುಗಳ ವಿಭಾಗಕ್ಕೆ ಹೋದಳು. ಪೇಪರಿನಲ್ಲಿ ಫೋಟೋ ಬೇರೆ. ನಾನು ಅದೇ ಠಾಣೆಯ ಅದೇ ಸಬ್ ಇನ್ಸ್‌ಪೆಕ್ಟರ್. ಅವಳಿಗೆ ಕೊಲೆ, ನನಗೆ ಗಾಜಿನ ಬುರುಡೆ. ಅಭಿನಂದನೆ ಅಂತ ಒಂದು ಮೆಸೇಜ್ ಬರೆದು, ಕಳಿಸದೆ, ಹಾಗೇ ಇಟ್ಟುಕೊಂಡಿದ್ದೆ. ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಅದು ಗಿಟಾರಿನ ಸದ್ದು ಹೆಚ್ಚಿಸುವ ಆಂಪ್ಲಿಫೈಯರುಗಳನ್ನು ರಿಪೇರಿ ಮಾಡುವ ಅಂಗಡಿ. ಮುಂದೆ ಕೆಲಸ, ಹಿಂದೆ ಮನೆ. ಅಣ್ಣ, ತಂಗಿ, ತಾಯಿ, ಮೂರೇ ಜನ. ಬೆಂಚುಗಳು ಎರಡು. ಒಂದು ಮುಂದೆ, ಕಿಟಕಿಯ ಪಕ್ಕ, ಒಳ್ಳೆಯ ಬೆಳಕಿನಲ್ಲಿ. ತೀರಿಹೋದ ಅಪ್ಪ ಕೂರುತ್ತಿದ್ದ ಜಾಗ, ಈಗ ಅಣ್ಣನದು. ಇನ್ನೊಂದು ಹಿಂದೆ, ಮೆಟ್ಟಿಲ ಕೆಳಗೆ, ಹಗಲಲ್ಲೂ ದೀಪ ಹಾಕಿಕೊಳ್ಳಬೇಕು. ಅದು ತಂಗಿಯದು.

"ಇವು ಈಗ ಸಿಗಲ್ಲ ಮೇಡಂ," ಅಂದ ಅಣ್ಣ. ಐವತ್ತರ ಹತ್ತಿರದ ಮನುಷ್ಯ, ಕಣ್ಣು ಕೆಂಪಾಗಿದ್ದವು. "ಅರವತ್ತು ವರ್ಷದ ಹಿಂದಿನ ಮಾಲು. ಮಾಡ್ತಿದ್ದ ಕಾರ್ಖಾನೇನೇ ಮುಚ್ಚಿಹೋಯ್ತು. ಅಪ್ಪ ಉಳಿಸಿಟ್ಟಿದ್ದ ಕೊನೇ ನಾಲ್ಕು."

"ಹೊಸ ವಾಲ್ವ್ ಹಾಕಿದ್ರೆ ಆಂಪ್ ಕೆಲಸ ಮಾಡಲ್ವಾ?"

"ಮಾಡುತ್ತೆ." ಅವನು ಮುಖ ಸಿಂಡರಿಸಿದ. "ಸದ್ದು ಬರುತ್ತೆ. ಜೀವ ಬರಲ್ಲ."

"ಬರುತ್ತೋ ಇಲ್ವೋ ಇವತ್ತು ನಾಲ್ಕು ಗಂಟೆಗೆ ಗೊತ್ತಾಗ್ತಿತ್ತು," ಅಂದಳು ತಂಗಿ ಮೆಟ್ಟಿಲ ಕೆಳಗಿಂದ.

ವಿಷಯ ಇಷ್ಟು. ಹಳೆಯ ವಾಲ್ವೇ ವಾಲ್ವು ಅನ್ನುವುದು ಅಣ್ಣನ ವಾದ. ಚೆನ್ನಾಗಿ ಆರಿಸಿದರೆ ಈಗಿನದೂ ಅಷ್ಟೇ ಚೆನ್ನ ಅನ್ನುವುದು ತಂಗಿಯ ವಾದ. ಏಳು ವರ್ಷದಿಂದ ಇದೇ ಜಗಳ. ಕೊನೆಗೆ ಒಂದು ಪರೀಕ್ಷೆ ಅಂತಾಯಿತು. ಒಂದೇ ಆಂಪು, ಒಂದೇ ಗಿಟಾರು, ನಡುವೆ ಪರದೆ. ಒಮ್ಮೆ ಅಪ್ಪನ ನಾಲ್ಕು ವಾಲ್ವು, ಒಮ್ಮೆ ತಂಗಿ ಆರಿಸಿದ ನಾಲ್ಕು. ತೀರ್ಪು ಹೇಳುವವನು ಅಂಗಡಿಯ ಹಳೆಯ ಗಿರಾಕಿ, ಎಲ್ಲರೂ ಗುಂಗುರು ಅಂತ ಕರೆಯುವ ಗಿಟಾರ್ ವಾದಕ. ಯಾರ ವಾಲ್ವು ಗೆಲ್ಲುತ್ತದೋ ಅವರಿಗೆ ಮುಂದಿನ ಬೆಂಚು.

"ಯಾರ ಮೇಲೆ ಅನುಮಾನ?" ಅಂತ ಕೇಳಿದೆ.

"ನಾನು ಯಾರ ಹೆಸರೂ ಹೇಳಲ್ಲ," ಅಂದ ಅಣ್ಣ. "ಆದ್ರೆ ಅಪ್ಪನ ವಸ್ತು ಒಡೆದೋರು ಈ ಮನೇಲಿ ಇರೋಕಾಗಲ್ಲ." ಹೇಳುವಾಗ ನೋಡಿದ್ದು ಮಾತ್ರ ಮೆಟ್ಟಿಲ ಕಡೆಗೇ.

ಅಷ್ಟರಲ್ಲಿ ನಮ್ಮ ಪೇದೆ ಹಿಂದಿನ ಬೆಂಚಿನಿಂದ ಒಂದು ಪುಟ್ಟ ಸುತ್ತಿಗೆ ಎತ್ತಿ ಹಿಡಿದ. ಹಿಡಿಗೆ ಕೆಂಪು ಟೇಪು. ತುದಿಯಲ್ಲಿ ಗಾಜಿನ ಪುಡಿ ಮಿನುಗುತ್ತಿತ್ತು.

ತಂಗಿ ಅದನ್ನು ನೋಡಿ ಬಿಳಿಚಿಕೊಂಡಳು. "ಸುತ್ತಿಗೆ ನಂದೇ," ಅಂದಳು. "ಒಡೆದಿದ್ದು ನಾನಲ್ಲ."

\* \* \*

ಕೇಸು ಅಲ್ಲಿಗೇ ಮುಗಿಯಿತು ಅನ್ನಿಸಿತು. ಸುತ್ತಿಗೆ ಅವಳದು, ಲಾಭ ಅವಳಿಗೆ. ಊಟಕ್ಕೆ ಮುಂಚೆ ವರದಿ ಬರೆದು ಹೋಗಬಹುದಿತ್ತು.

ಆದರೆ ಪೆಟ್ಟಿಗೆ ನನ್ನನ್ನು ಬಿಡಲಿಲ್ಲ. ಒಳಗೆ ಮೆತ್ತನೆಯ ಬಟ್ಟೆ ಹಾಸಿತ್ತು. ಅದರ ಮೇಲೆ ಒಂದು ಗೀರೂ ಇಲ್ಲ. ನೆಲದಲ್ಲಿ ಒಂದು ಹರಳೂ ಸಿಗಲಿಲ್ಲ. ಚೂರುಗಳ ನಡುವೆ ಟವೆಲಿನ ನೀಲಿ ಎಳೆಗಳು ಸಿಕ್ಕಿಕೊಂಡಿದ್ದವು. ಬೇರೆಲ್ಲೋ ಟವೆಲಿನಲ್ಲಿ ಸುತ್ತಿ ಒಡೆದು, ಆಮೇಲೆ ಇಲ್ಲಿ ಸುರಿದಿದ್ದಾರೆ. ಸಿಟ್ಟು ಬಂದವರು ಇಷ್ಟು ಅಚ್ಚುಕಟ್ಟಾಗಿ ಒಡೆಯುತ್ತಾರೆಯೇ?

ಹನ್ನೆರಡಕ್ಕೆ ಗುಂಗುರು ಬಂದ. ನಿನ್ನೆ ಸಂಜೆ ಅವನೊಬ್ಬನೇ ಹತ್ತು ನಿಮಿಷ ಅಂಗಡಿಯಲ್ಲಿ ಕೂತಿದ್ದನಂತೆ. ಅಪ್ಪನಿದ್ದಾಗ ಆ ನಾಲ್ಕು ವಾಲ್ವು ಕೊಡಿ ಅಂತ ಕಾಡಿ ಕಾಡಿ ಬೈಸಿಕೊಂಡಿದ್ದನಂತೆ.

"ನಿಮ್ಮ ಮೇಲೂ ಅನುಮಾನ ಬರುತ್ತೆ," ಅಂದೆ.

"ಮೇಡಂ, ನನಗೆ ಅವುಗಳ ಮೇಲೆ ಆಸೆ ಇತ್ತು, ಇಲ್ಲ ಅನ್ನಲ್ಲ," ಅಂದ. "ಅವಕಾಶ ಸಿಕ್ಕಿದ್ರೆ ಜೇಬಿಗೆ ಹಾಕ್ಕೊಂಡು ಹೋಗ್ತಿದ್ದೆ. ಒಡೆಯೋಕೆ ನನಗೇನು ತಲೆ ಕೆಟ್ಟಿದೆಯಾ?"

ಮಾತು ಸರಿ. ಒಡೆದರೆ ಲಾಭ ಯಾರಿಗೆ, ಅದನ್ನು ನೋಡಬೇಕು. ತಂಗಿಗೆ ಲಾಭ ಅಂದುಕೊಂಡಿದ್ದೆ. ನಿಜಕ್ಕೂ ಲಾಭವೇ? ವಾಲ್ವು ಒಡೆದರೆ ಪರೀಕ್ಷೆಯೇ ಇಲ್ಲ. ಪರೀಕ್ಷೆಯಿಲ್ಲದಿದ್ದರೆ ಬೆಂಚು ಎಲ್ಲಿದೆಯೋ ಅಲ್ಲೇ, ಯಾರದೋ ಅವರದೇ.

\* \* \*

ತಾಯಿಯ ಕೋಣೆ ಚಿಕ್ಕದು. ಹಾಸಿಗೆಯ ಪಕ್ಕದಲ್ಲಿ ಮೇಜಿನ ಬದಲು ಒಂದು ಹಳೇ ಆಂಪು, ಮೇಲೆ ಕಸೂತಿ ಬಟ್ಟೆ.

"ನಮ್ಮ ಯಜಮಾನ್ರ ಮೊದಲನೇ ಕೆಲಸ," ಅಂದರು ತಾಯಿ. "ಅವರು ಹೋದ್ಮೇಲೆ ಯಾರೂ ಹಾಕಿಲ್ಲ. ನನ್ನ ನೀರಿನ ಹೂಜಿ ಇಡೋಕಾಗುತ್ತೆ."

ಹೂಜಿ ಕಿಟಕಿಯ ಕಟ್ಟೆಯ ಮೇಲಿತ್ತು. ಹಾಸಿಗೆಯಿಂದ ಕೈಗೆ ಎಟುಕದ ಜಾಗ. ಬಟ್ಟೆಯ ಮೇಲೆ ಅದರ ತಳದ ದುಂಡನೆ ಒದ್ದೆ ಗುರುತು ಮಾತ್ರ ಉಳಿದಿತ್ತು.

"ಕೈಗೇನಾಯ್ತು ಅಮ್ಮಾ?" ಎರಡೂ ಕೈಗಳ ಹೆಬ್ಬೆರಳು, ತೋರುಬೆರಳಿನ ತುದಿಗೆ ಮುಲಾಮು ಹಚ್ಚಿಕೊಂಡಿದ್ದರು.

"ಟೀ ಪಾತ್ರೆ ತಾಗಿತು." ಕಣ್ಣು ಕೊಟ್ಟು ಹೇಳಲಿಲ್ಲ.

ಹೊರಗೆ ಬಂದಾಗ ತಂಗಿ ನಮಗೆಲ್ಲ ಟೀ ತಂದಿಟ್ಟಳು. ಅಮ್ಮನಿಗೂ ನೀವೇ ಮಾಡಿಕೊಡುತ್ತೀರಾ ಅಂತ ಕೇಳಿದೆ.

"ನಾನು, ಇಲ್ಲಾಂದ್ರೆ ಅಣ್ಣ. ಅಮ್ಮ ಒಲೆ ಹತ್ರ ನಿಂತು ಎರಡು ವರ್ಷ ಆಯ್ತು. ಮಂಡಿ ನೋವು."

"ನಿನ್ನೆ ನೀವು ಇಡೀ ದಿನ ಇಲ್ಲೇ ಇದ್ರಾ?"

"ಮಧ್ಯಾಹ್ನ ಒಂದು ಆಂಪ್ ತಲುಪಿಸೋಕೆ ಹೋಗಿದ್ದೆ. ಬರೋಷ್ಟರಲ್ಲಿ ಐದಾಗಿತ್ತು." ಅವಳು ಸೆರಗಿನಿಂದ ಬೆಂಚಿನ ಧೂಳು ಒರೆಸಿದಳು. "ಮೇಡಂ, ನನ್ನನ್ನ ಕರ್ಕೊಂಡು ಹೋಗ್ತೀರಾ? ಹೋಗೋದಾದ್ರೆ ಅರ್ಧ ಆಗಿರೋ ಈ ಕೆಲಸ ಮುಗಿಸಿ ಬರ್ತೀನಿ. ಮತ್ತೆ ಈ ಬೆಂಚಿಗೆ ಬರೋಕೆ ಅಣ್ಣ ಬಿಡಲ್ಲ."

ಅವಳ ಮುಂದೆ ಬೆರಳುದ್ದದ ಹಳೇ ವಾಲ್ವೊಂದು ಇತ್ತು. ಎತ್ತಿಕೊಳ್ಳಲು ಹೋದೆ.

"ಗಾಜು ಮುಟ್ಟಬೇಡಿ, ಬುಡ ಹಿಡ್ಕೊಳಿ," ಅಂದಳು ತಕ್ಷಣ. "ಹಳೇದರ ಅಕ್ಷರ ಬೆರಳು ತಾಗಿದ್ರೆ ಅಳಿಸುತ್ತೆ."

"ಅಳಿಸಿದ್ರೆ ಯಾವ ಕಾರ್ಖಾನೇದು ಅಂತ ಹೇಗೆ ಗೊತ್ತಾಗುತ್ತೆ?"

ಅವಳು ಖಾಲಿಯಾಗಿ ಕಾಣುತ್ತಿದ್ದ ಗಾಜಿನ ಮೇಲೆ ಬಾಯಿ ತೆರೆದು ಉಸಿರು ಬಿಟ್ಟಳು. ಗಾಜು ಮಂಜಾಯಿತು. ಮಂಜಿನೊಳಗಿಂದ ನಾಲ್ಕು ಅಂಕಿ, ಒಂದು ಮುದ್ರೆ ಎದ್ದು ಬಂದು, ಎರಡು ಕ್ಷಣ ನಿಂತು, ಮಾಯವಾದವು.

"ಬಣ್ಣ ಹೋದ್ರೂ ಹಳೇದರ ಗಾಜಲ್ಲಿ ಗುರುತು ಉಳಿಯುತ್ತೆ, ಈಗಿನದರಲ್ಲಿ ಉಳಿಯಲ್ಲ. ಅಪ್ಪ ಹೇಳಿಕೊಟ್ಟಿದ್ದು."

"ನಿಮ್ಮಣ್ಣನಿಗೂ?"

"ಇಲ್ಲ. ಅಣ್ಣ ಅಪ್ಪನ ಕೈ ನೋಡ್ತಾ ಕೂರ್ತಿದ್ದ. ಹೀಗೆ ಸುಮ್ಮಸುಮ್ಮನೆ ಪ್ರಶ್ನೆ ಕೇಳಿ ತಲೆ ತಿಂತಿದ್ದಿದ್ದು ನಾನು."

ನಾನು ಪೆಟ್ಟಿಗೆಯ ಬಳಿ ಹೋಗಿ ಕೂತೆ. ದೊಡ್ಡ ಚೂರುಗಳನ್ನು ಒಂದೊಂದಾಗಿ ಎತ್ತಿ ಉಸಿರು ಬಿಟ್ಟೆ. ಪೇದೆ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದ. ನೋಡಲಿ. ಇಪ್ಪತ್ತಮೂರು ಚೂರು. ಒಂದರಲ್ಲೂ ಒಂದು ಅಂಕಿ ಏಳಲಿಲ್ಲ. ಎರಡು ಚೂರುಗಳಿಗೆ ಬಣ್ಣ ಕರಗಿಸುವ ಥಿನ್ನರಿನ ವಾಸನೆ ಮಾತ್ರ ಇತ್ತು.

\* \* \*

ಮೂರೂವರೆಗೆ ಎಲ್ಲರನ್ನೂ ತಾಯಿಯ ಕೋಣೆಗೆ ಕರೆದೆ.

"ಒಡೆದಿದ್ದು ಅಪ್ಪನ ವಾಲ್ವ್ ಅಲ್ಲ," ಅಂದೆ. "ಈಗಿನ ಕಾಲದ್ದು, ಸುಟ್ಟುಹೋಗಿ ಗುಜರಿಗೆ ಬಿದ್ದಿದ್ದು. ಅಕ್ಷರ ಥಿನ್ನರ್ ಹಾಕಿ ಉಜ್ಜಿದ್ದಾರೆ. ಹಳೇದಾಗಿದ್ರೆ ಉಸಿರಿಗೆ ಗುರುತು ಏಳಬೇಕಿತ್ತು."

ಅಣ್ಣ ತಲೆ ಎತ್ತಲಿಲ್ಲ.

"ಒಡೆದೋರಿಗೆ ಅಪ್ಪನ ವಸ್ತು ಒಡೆಯೋಕೆ ಕೈ ಬರಲಿಲ್ಲ. ಅಮ್ಮನ ಕಾಲಿಗೆ ಗಾಜು ಚುಚ್ಚಬಾರದು ಅಂತ ಟವೆಲಲ್ಲಿ ಸುತ್ತಿ ಒಡೆದ್ರು. ಪ್ರೀತಿ ಇರೋ ಮನುಷ್ಯ." ಆಮೇಲೆ ತಾಯಿಯ ಕಡೆ ತಿರುಗಿದೆ. "ಅಮ್ಮಾ, ನಿಮ್ಮ ಬೆರಳು ಸುಟ್ಟಿದ್ದು ಟೀ ಪಾತ್ರೆ ತಾಗಿ ಅಲ್ಲ. ಆಗಷ್ಟೇ ಆಫ್ ಮಾಡಿದ ಆಂಪಿನಿಂದ, ಬಲ್ಬಿನ ಹಾಗೆ ಸುಡ್ತಿದ್ದ ವಾಲ್ವ್ ಕಿತ್ತಿದ್ದಕ್ಕೆ. ನಿನ್ನೆ ಮಧ್ಯಾಹ್ನ ಏನಾಯ್ತು, ಹೇಳಿಬಿಡಿ."

ತಾಯಿ ಮಗನನ್ನು ನೋಡಿದರು. ಅವನು ಬೇಡ ಅನ್ನಲಿಲ್ಲ.

"ನಾಳೆ ಮರ್ಯಾದೆ ಹೋಗಬಾರದು, ಮೊದಲೇ ಒಂದ್ಸಲ ಕೇಳಿ ನೋಡ್ತೀನಿ ಅಂದ," ಅಂದರು. "ಗೋಡೆ ಕಡೆ ಮುಖ ಮಾಡಿ ಗಿಟಾರ್ ಹಿಡ್ಕೊಂಡು ಕೂತ. ನಾನು ವಾಲ್ವ್ ಬದಲಾಯಿಸಿದೆ. ಆರೋಕೆ ಬಿಡಲಿಲ್ಲ, ಕಿವಿ ಮರೆತುಹೋಗುತ್ತೆ, ಬೇಗ ಬೇಗ ಅಂದ. ಮೂರು ಸಲ. ಮೂರು ಸಲವೂ ಅವಳು ಆರಿಸಿದ್ದನ್ನ ಕೇಳಿ, ಇದೇ ಅಪ್ಪಂದು ಅಂದ."

ತಂಗಿ ಅಣ್ಣನ ಕಡೆ ತಿರುಗಿದಳು.

"ಅಷ್ಟೇ ವಿಷಯ," ಅಂದೆ. "ಪರೀಕ್ಷೆ ನಡೆದ್ರೆ ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳಾಗುತ್ತೆ. ವಾಲ್ವ್ ಒಡೆದುಹೋದ್ರೆ ಅದನ್ನ ಇನ್ನು ಯಾರೂ ಸೋಲಿಸೋಕಾಗಲ್ಲ. ಆ ಹೂಜಿ ಯಾಕೆ ಕಿಟಕಿ ಹತ್ರ ಹೋಯ್ತು ಅಂದ್ರೆ, ಇವತ್ತು ಬೆಳಿಗ್ಗೆ ಯಾರೋ ಈ ಆಂಪಿನ ಹಿಂಬದಿ ಬಿಚ್ಚಿದ್ದಾರೆ."

ಪೇದೆ ಹಲಗೆಯ ತಿರುಪು ಬಿಚ್ಚಿದ. ಒಳಗೆ ನಾಲ್ಕು ವಾಲ್ವುಗಳು ಸಾಕೆಟ್ಟುಗಳಲ್ಲಿ ನೆಟ್ಟಗೆ ಕೂತಿದ್ದವು. ತಂಗಿ ಬಗ್ಗಿ ಒಂದಕ್ಕೆ ಉಸಿರು ಬಿಟ್ಟಳು. ಅಕ್ಷರ ಎದ್ದು ಬಂತು.

"ಒಂದು ಪ್ರಶ್ನೆ ಉಳಿದಿದೆ," ಅಂದೆ ಅಣ್ಣನಿಗೆ. "ನಿಮ್ಮ ಬೆಂಚಲ್ಲಿ ಮೂರು ಸುತ್ತಿಗೆ ಇದೆ. ಅವಳದ್ದೇ ಯಾಕೆ ತಗೊಂಡ್ರಿ?"

ಅವನು ನೆಲ ನೋಡುತ್ತಲೇ ಹೇಳಿದ.

"ಇಪ್ಪತ್ತು ವರ್ಷ ಅಪ್ಪನ ಪಕ್ಕ ನಾನು ಕೂತೆ. ಹಾಸಿಗೆ ಹಿಡಿದಾಗ ಸೇವೆ ಮಾಡಿದೆ. ಕೊನೇ ದಿನ ಒಂದು ಆಂಪ್ ಹಾಕಿಸಿ, ಸರಿ ಇದೆಯಾ ಅಂತ ಕೇಳಿದ್ದು ಅವಳನ್ನ. ನನ್ನನ್ನ ಅಲ್ಲ. ಕಿವಿ ಅಂದ್ರೆ ಅವಳದು ಅಂದ್ರು. ಅವತ್ತಿಂದ ಅವಳು ಬೆಂಚಿಗೆ ಬಂದು ಕೂತಾಗೆಲ್ಲ ನನಗೆ ಒಳಗೆ ಸುಡುತ್ತೆ. ಅವಳು ಹೋಗಲಿ ಅನ್ನಿಸಿತ್ತು. ನಿಜ ಹೇಳ್ತಿದ್ದೀನಿ, ಹೋಗಲಿ ಅನ್ನಿಸಿತ್ತು."

ಬೇರೆ ದಿನವಾಗಿದ್ದರೆ ಚೆನ್ನಾಗಿ ಬೈಯುತ್ತಿದ್ದೆ. ಬಾಯಿ ಬರಲಿಲ್ಲ. ಪೇಪರಿನಲ್ಲಿ ಬಡ್ತಿ ಪಡೆದ ಗೆಳತಿಯ ಫೋಟೋ ನೋಡಿದ ದಿನ ನನಗೂ ಅಷ್ಟೇ ಸುಟ್ಟಿತ್ತು.

"ಸುಳ್ಳು ದೂರು ಕೊಟ್ಟಿದ್ದಕ್ಕೆ ಕೇಸು ಹಾಕಬಹುದು," ಅಂದೆ ತಂಗಿಗೆ. "ನೀವೇನಂತೀರಿ?"

ಅವಳು ಗೋಡೆಯ ಗಡಿಯಾರ ನೋಡಿದಳು. "ನಾಲ್ಕಕ್ಕೆ ಐದು ನಿಮಿಷ ಇದೆ. ಪರೀಕ್ಷೆ ಮಾಡೋಣ."

\* \* \*

ಪರದೆಯ ಹಿಂದೆ ಪೇದೆ ವಾಲ್ವು ಬದಲಾಯಿಸಿದ. ಈ ಸಲ ಆರಲು ಬಿಟ್ಟು, ದಪ್ಪ ಬಟ್ಟೆ ಹಿಡಿದು. ಗುಂಗುರು ಅದೇ ರಾಗವನ್ನು ಎರಡು ಸಲ ನುಡಿಸಿದ. ಯಾವುದು ಚೆನ್ನ ಅಂತ ಎಲ್ಲರೂ ಚೀಟಿಯಲ್ಲಿ ಒಂದು ಅಥವಾ ಎರಡು ಅಂತ ಬರೆಯಬೇಕು. ನನಗೆ ಎರಡೂ ಒಂದೇ ಥರ ಕೇಳಿಸಿತು. ಸುಮ್ಮನೆ ಒಂದು ಅಂತ ಗೀಚಿದೆ.

ಗುಂಗುರು ಎರಡು ಅಂತ ಬರೆದಿದ್ದ. ತಂಗಿಯ ಚೀಟಿಯಲ್ಲೂ ಎರಡು.

ಪೇದೆ ಪರದೆ ಸರಿಸಿದ. ಎರಡನೆಯದು ಅಪ್ಪನ ವಾಲ್ವು.

"ನಿನಗೆ ಗೊತ್ತಾಗಲಿಲ್ವಾ ಯಾವುದು ಅಂತ?" ಅಣ್ಣನ ದನಿ ಒಡೆದಿತ್ತು.

"ಗೊತ್ತಾಯ್ತು," ಅಂದಳು. "ಚೆನ್ನಾಗಿದ್ದಿದ್ದು ಅದೇ. ಬೇರೆ ಏನು ಬರೀಲಿ?"

ಅವನು ತನ್ನ ಚೀಟಿ ಬಿಚ್ಚಲೇ ಇಲ್ಲ. ಕರಾರಿನ ಪ್ರಕಾರ ಗೆದ್ದವನು ಅವನು. ಸುಮ್ಮನಿದ್ದಿದ್ದರೆ ಬೆಂಚು ಅವನದೇ ಆಗಿರುತ್ತಿತ್ತು. ಎಲ್ಲರೂ ನೋಡುತ್ತಿರುವಾಗ ಎದ್ದು ಹೋಗಿ, ಕಿಟಕಿಯ ಪಕ್ಕದ ಬೆಂಚಿನ ಮೇಲಿದ್ದ ತನ್ನ ಸಾಮಾನೆಲ್ಲ ಒಂದು ಡಬ್ಬಿಗೆ ತುಂಬಿದ. ಆಮೇಲೆ ಮೆಟ್ಟಿಲ ಕೆಳಗೆ ಹೋಗಿ ತಂಗಿಯ ಮೀಟರು, ಇಕ್ಕಳ, ಬೆಸುಗೆ ಕಡ್ಡಿ, ಒಂದೊಂದೇ ತಂದು ಮುಂದಿಟ್ಟ. ಅವಳು ತಡೆಯಲಿಲ್ಲ. ಕೊನೆಗೆ ಕೆಂಪು ಟೇಪಿನ ಸುತ್ತಿಗೆ ಹಿಡಿದು ಅವಳೆದುರು ನಿಂತ.

"ಅದು ನಿನ್ನ ಹತ್ರಾನೇ ಇರಲಿ ಅಣ್ಣ," ಅಂದಳು ತಂಗಿ.

ಅವನು ಸುತ್ತಿಗೆ ತೆಗೆದುಕೊಂಡು ಮೆಟ್ಟಿಲ ಕೆಳಗೆ ಹೋಗಿ ದೀಪ ಹಾಕಿದ.

ನಾನು ಜೀಪಿನಲ್ಲಿ ಕೂತು, ಮೂರು ವಾರದ ಹಳೇ ಅಭಿನಂದನೆಯ ಮೆಸೇಜನ್ನು ತೆರೆದು ಕಳಿಸಿಬಿಟ್ಟೆ. ಹೊಟ್ಟೆಯುರಿ ಕಡಿಮೆಯೇನೂ ಆಗಲಿಲ್ಲ. ಠಾಣೆ ಮುಟ್ಟುವಷ್ಟರಲ್ಲಿ ಅವಳ ಉತ್ತರ ಬಂದಿತ್ತು: "ನಿನ್ನ ಮೆಸೇಜ್ ಬಂತಾ ಅಂತ ದಿನಾ ನೋಡ್ತಿದ್ದೆ ಕಣೇ."