ಬಾಯಿಮಾತಿನ ರುಚಿ

"ತಿಂದು ನೋಡ್ರಿ!"

ಕಡ್ಡಿಗೆ ಚುಚ್ಚಿದ ಚೀಸ್ ತುಂಡು ತುಟಿಯ ಹತ್ತಿರಕ್ಕೇ ಬಂದಾಗ ಇಂಚರ ಬೆಚ್ಚಿ ಹಿಂದೆ ಸರಿದಳು. ಕೈಯಲ್ಲಿದ್ದ ವೈನ್ ಬಾಟಲಿ ಜಾರಿತು... ಅವನು ಥಟ್ಟನೆ ಹಿಡಿದ. ಬಾಟಲಿಯ ಜೊತೆ ಅವಳ ಬೆರಳುಗಳನ್ನೂ!

ವೆಸ್ಟ್‌ಮಂಟ್‌ನ ಆ ವೈನ್ ಅಂಗಡಿಯಲ್ಲಿ ಶನಿವಾರ ಟೇಸ್ಟಿಂಗ್. ಫ್ರಾನ್ಸಿನ ಒಂದೊಂದು ಸೀಮೆಯ ವೈನಿಗೆ ಅದೇ ಸೀಮೆಯ ಚೀಸ್ ಜೋಡಿಸಿ ಗಿರಾಕಿಗಳಿಗೆ ರುಚಿ ನೋಡಲು ಕೊಡಬೇಕು. ವೈನಿನ ಜವಾಬ್ದಾರಿ ಇಂಚರಳದು. ಚೀಸಿನದು, ಆ ದಿನವೇ ಕೆಲಸಕ್ಕೆ ಸೇರಿದ ಝೈನ್‌ನದು. ಅವನ ಮನೆಯವರು ಗದಗಿನವರು.

"ನಾನು ತಿನ್ನಲ್ಲ," ಎಂದಳು ಮೆಲ್ಲಗೆ. "ಇದಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕ್ತಾರೆ. ನಾವು ವೆಜಿಟೇರಿಯನ್."

"ವೈನ್ ನಡೀತದೇನ್ರಿ ಮತ್ತ?"

"ಬಾಯಿ ಮುಕ್ಕಳಿಸಿ ಉಗೀತೀನಿ ಅಷ್ಟೆ! ನೀವು?"

"ನಾ ವೈನ್ ಮುಟ್ಟಂಗಿಲ್ರಿ."

"ಹಾಗಾದ್ರೆ ಈ ಜೋಡಿ ಸರಿಯಾಗಿದೆ ಅಂತ ಹೇಳೋದು ಯಾರು?"

ಇಬ್ಬರೂ ಮುಖಮುಖ ನೋಡಿಕೊಂಡರು. ನಗು ತಡೆಯಲಾಗಲಿಲ್ಲ!

ಅಂದಿನಿಂದ ಅದೇ ಅವರ ಕೆಲಸದ ರೀತಿಯಾಯಿತು. ಅಂಗಡಿ ತೆರೆಯುವ ಮುನ್ನ ಅವಳು ಹೇಳುತ್ತಿದ್ದಳು, "ಇದು ಆಲ್ಸೇಸ್ ಸೀಮೆಯ ವೈನ್. ಗುಲ್ಕಂದಿನ ಪರಿಮಳ. ಕೊನೆಗೆ ಸ್ವಲ್ಪ ಶುಂಠಿ ಖಾರ." ಅವನು ಹೇಳುತ್ತಿದ್ದ, "ಇದು ಅಲ್ಲೀದ ಮುನ್ಸ್ಟರ್ ಚೀಸ್. ಮೂಗಿಗೆ ನೆನೆದ ಸಾಕ್ಸು, ನಾಲಿಗಿಗೆ ಬೆಣ್ಣಿ! ಜೀರಿಗಿ ಉದುರಿಸ್ಕೊಂಡು ತಿಂತಾರ್ರಿ."

ಯಾರೊಡನೆಯೂ ಹೆಚ್ಚು ಮಾತಾಡದ ಹುಡುಗಿ ಶನಿವಾರಕ್ಕಾಗಿ ಕಾಯತೊಡಗಿದಳು.

ಆದರೆ ಅವನು ಭಾನುವಾರಗಳಲ್ಲಿ ನಾಲ್ಕೈದು ಗಂಟೆ ದೂರದ ಡೆಟ್ರಾಯಿಟ್‌ಗೆ ಡ್ರೈವ್ ಮಾಡಿಕೊಂಡು ಹೋಗತೊಡಗಿದ. ಬಿಲ್ಲಿಂಗ್‌ನಲ್ಲಿದ್ದ ಚೇತನಾ ಕಣ್ಣು ಮಿಟುಕಿಸಿದಳು. "ಅಲ್ಲಿ ಅವನ ಅತ್ತೆ ಮಗಳಿದಾಳಂತೆ ಕಣೇ, ದಾನಿಯಾ ಅಂತ. ಸುಮ್ನೆ ಯಾರಾದ್ರೂ ಅಷ್ಟು ಪೆಟ್ರೋಲ್ ಸುಡ್ತಾರಾ?"

ಇಂಚರ ಅವನನ್ನು ಕೇಳಲಿಲ್ಲ. ಕೇಳಲು ನಾನ್ಯಾರು?

ಹತ್ತಿರದ ನೇಪರ್‌ವಿಲ್‌ನ ಸರಳಾ ಚಿಕ್ಕಮ್ಮನ ಮನೆಯೇ ಅವಳಿಗೆ ಆಸರೆ. ಚಿಕ್ಕಮ್ಮ ಇಟಾಸ್ಕಾದ ಆಶ್ರಿತ್‌ನ ಸಂಬಂಧ ತಂದಾಗ ಇಂಚರ ತಲೆ ಬಗ್ಗಿಸಿ "ಹೂಂ" ಎಂದುಬಿಟ್ಟಳು.

ನಿಶ್ಚಿತಾರ್ಥಕ್ಕೆ ಮುಂಚಿನ ದಿನ. ಶನಿವಾರ. ಝೈನ್ ಬಿಳಿ ಕಾಗದದ ಪೊಟ್ಟಣವೊಂದನ್ನು ಬಿಚ್ಚಿದ.

"ತಿನ್ರಿ. ಇದಕ್ಕ ಹೆಪ್ಪು ಮುಳ್ಳುಗಿಡದ ಹೂವಿಂದು. ಡೆಟ್ರಾಯಿಟ್ ಆಚೆ ಒಬ್ಬಾಕಿ ಮುದುಕಿ ಆಡಿನ ಹಾಲಿಲೆ ಮಾಡ್ತಾಳ. ಮೊದಲು ಮಾಡಿದ್ದೆಲ್ಲಾ ಕಹಿ ಆಗಿತ್ತು, ಮತ್ತ ಮತ್ತ ಹೋಗಿ ಮಾಡಿಸಿದೆ. ನಿಮ್ಮ ಲುವಾರ್ ಸೀಮಿ ವೈನಿಗೆ ಆಡಿನ ಚೀಸ್ ಕೂಡ್ತದಲ್ರಿ... ನೀವು ಒಮ್ಮೆರ ಎರಡೂ ಕೂಡಿಸಿ ನೋಡ್ಲಿ ಅಂತ."

ಅವಳು ಪೊಟ್ಟಣದಿಂದ ಕಣ್ಣೆತ್ತಿದಳು.

"ಮತ್ತೆ... ದಾನಿಯಾ?"

"ಅಕಿಗೆ ಮದುವಿಯಾಗಿ ಮಕ್ಕಳದಾವ! ಆ ಮುದುಕಿ ಫಾರ್ಮ್ ತೋರಿಸಿದಾಕಿನೇ ಅಕಿ."

ಇಂಚರ ಚೀಸ್ ಬಾಯಿಗಿಟ್ಟು ಒಂದು ಗುಟುಕು ವೈನ್ ಹೀರಿದಳು. ಈ ಸಲ ಉಗುಳಲಿಲ್ಲ. ಹುಳಿಗೆ ಹುಳಿ ಸೇರಿ ಸಿಹಿಯಾಯಿತು. ಕಣ್ಣು ತುಂಬಿತು.

"ನಾಳೆ ನನ್ನ ನಿಶ್ಚಿತಾರ್ಥ."

ಒರೆಸಿದ್ದ ಚಾಕುವನ್ನೇ ಅವನು ಮತ್ತೆ ಒರೆಸಿದ.

"ನನ್ನ ಒಂದು ಮಾತು ಕೇಳಬೇಕಿತ್ತಲ್ರಿ..."

"ನೀವು ಹೇಳ್ಬೇಕಿತ್ತು!"

"ಹೆದರಿದ್ದೆ. ಈಗ ಹೇಳ್ತೀನಿ. ನಿಮ್ಮನ್ನ ಬಿಟ್ಟು ನನಗ ಯಾರೂ ಬ್ಯಾಡ."

"ನನಗೂ..." ಅವಳು ಬಾಟಲಿಗೆ ಬಿರಡೆ ಒತ್ತಿದಳು. "ನಿಮ್ಮನೇಲಿ ಒಪ್ತಾರಾ?"

"ಅಮ್ಮಿ ಒಪ್ಪಂಗಿಲ್ರಿ. ನಿಮ್ಮಲ್ಲಿ?"

"ಚಿಕ್ಕಮ್ಮ ಈ ಕೆಲಸವನ್ನೇ ಒಪ್ಪಿಲ್ಲ. ದೇವಸ್ಥಾನದಲ್ಲಿ ಎಲ್ಲರ ಹತ್ರ ನಾನು ಗ್ರೋಸರಿ ಸ್ಟೋರ್‌ನಲ್ಲಿದೀನಿ ಅಂತಾರೆ."

ಇಬ್ಬರೂ ನಕ್ಕರು. ನಗು ಬೇಗ ಮಾಸಿತು.

"ಇವತ್ತು ಆಶ್ರಿತ್‌ಗೆ ಆಗಲ್ಲ ಅಂತ ಹೇಳ್ತೀನಿ," ಎಂದಳು. "ಆಮೇಲೆ ಆ ಮನೇಲಿ ನನಗೆ ಜಾಗ ಇರುತ್ತೋ ಇಲ್ವೋ. ಆದ್ರೂ ನಿಮ್ಮನೆಗೆ ಬರೋಕಾಗಲ್ಲ. ಅದೂ ಗೊತ್ತು."

"ಗೊತ್ತೈತ್ರಿ."

ಹೊರಗೆ ಕಾರುಗಳು ಬಂದು ನಿಲ್ಲತೊಡಗಿದವು. ಅವಳು ಕಣ್ಣೊರೆಸಿಕೊಂಡು ಗ್ಲಾಸುಗಳನ್ನು ಜೋಡಿಸಿದಳು.

"ಇಂಚರ..." ಮೊದಲ ಬಾರಿಗೆ ಅವನು ಹೆಸರು ಹಿಡಿದು ಕರೆದ. "ಐದಕ್ಕ ಶಿಫ್ಟ್ ಮುಗೀತದ. ಅಲ್ಲೀತನಕ ನಿಮ್ಮ ಬಾಜೂ ನಿಂದ್ರಲೇನ್ರಿ?"

"ನಿಂತ್ಕೊಳ್ಳಿ," ಎಂದಳು. "ಇನ್ನೂ ಸ್ವಲ್ಪ ಹತ್ರ."