ಸೆನಾರಾಳ ಸರದಿ

ನೀವು ಎಷ್ಟೋ ಹೀರೋಗಳನ್ನು ನೋಡಿರಬಹುದು. ಆದರೆ ಆ ಶುಕ್ರವಾರ ಸಂಜೆ ನಮ್ಮ ಬಂದರಿನ ಪಬ್ಬಿನಲ್ಲಿ ಬಾರ್ನಬಿ ಹಾಕಿದ ಮಾಸ್ಟರ್ ಪ್ಲಾನ್ ಇದೆಯಲ್ಲ, ಅದನ್ನು ನನ್ನಷ್ಟು ಚೆನ್ನಾಗಿ ಹೇಳುವವನು ಇಡೀ ಕಾರ್ನ್‌ವಾಲ್‌ನಲ್ಲೇ ಇಲ್ಲ. ಕರ್ಚೀಫ್ ರೆಡಿ ಇಟ್ಟುಕೊಳ್ಳಿ.

"ಸ್ವಲ್ಪ ಆ ಕಡೆ ಸರಿ," ಎಂದ ಬಾರ್ನಬಿ.

"ಎಲ್ಲಿಗ್ ಸರೀಲಿ? ಸಮುದ್ರಕ್ಕಾ?" ಎಂದಳು ಸೆನಾರಾ.

ಆದರೂ ಅವನು ಬೆಂಚಿನಲ್ಲಿ ಕುಳಿತೇಬಿಟ್ಟ.

ಒಂದು ಕಡೆ ಕಿಟಕಿ. ಎದುರಿಗೆ ನೆಲಕ್ಕೆ ಮೊಳೆ ಹೊಡೆದ ಮೇಜು. ಇನ್ನೊಂದು ಕಡೆ ಇಂಗ್ಲೆಂಡಿನ ಆ ತುದಿಯ ಹಲ್ ಬಂದರಿನಿಂದ ಬಂದ ಈ ದೋಣಿ ರಿಪೇರಿಯವನು. ಅವಳಿಗೆ ಅಲುಗಾಡಲೂ ಜಾಗವಿರಲಿಲ್ಲ. ಶುಕ್ರವಾರದ ಹಾಡಿನ ಕೂಟ ನಡೆಯುವಾಗ ಎದ್ದು ಹೋಗುವುದಂತೂ ಇಲ್ಲಿ ಯಾರೂ ಮಾಡುವುದಿಲ್ಲ.

ಒಬ್ಬೊಬ್ಬರ ಸರದಿಯೂ ಮುಗಿಯುತ್ತಾ ಅವಳ ಹತ್ತಿರ ಬರುತ್ತಿತ್ತು. ಒಬ್ಬರು ಸಾಲು ಎತ್ತುವುದು, ಉಳಿದವರು ಮೇಜು ಕುಟ್ಟಿ ಪಲ್ಲವಿ ಕೂಗುವುದು.

ಈ ಪಬ್ಬಿನಲ್ಲಿ ಪ್ರತಿ ಹಾಡಿಗೂ ಒಬ್ಬ ಯಜಮಾನ. ಅವನು ಸತ್ತ ಮೇಲೆ ಒಂದು ವರ್ಷದೊಳಗೆ ಮನೆಯವರು ಹಾಡಿದರೆ ಅದು ಅವರದ್ದು. ಇಲ್ಲದಿದ್ದರೆ ಮೊದಲು ಎತ್ತಿಕೊಂಡವರದ್ದು.

ಸೆನಾರಾಳ ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಮುಂದಿನ ಶುಕ್ರವಾರದೊಳಗೆ ವರ್ಷ ತುಂಬುತ್ತಿತ್ತು; ಅವಳಿಗೆ ಉಳಿದಿದ್ದು ಇದೊಂದೇ ಸಂಜೆ. ಅವನು ಹೋದಾಗಿನಿಂದ ಅವಳು ಒಂದು ಸಾಲೂ ಹಾಡಿರಲಿಲ್ಲ.

ಎದುರಿಗೆ ಕುಳಿತಿದ್ದವನು ಊರಿಗೆಲ್ಲ ಮಾಮನಾದ ಡೆನ್ಜಿಲ್. ಅವಳ ಅಪ್ಪನ ಹಾಡಿನ ಮೇಲೆ ಅವನಿಗೆ ಮೊದಲಿನಿಂದಲೂ ಕಣ್ಣು.

"ಆಗಲ್ಲ ಅಂದ್ರೆ ಪಾಸ್ ಅನ್ನು ಮಗಳೇ. ಮುಂದಿನ ವಾರದಿಂದ ನಾನ್ ನೋಡ್ಕೋತೀನಿ. ನಿಮ್ಮಪ್ಪಂಗಿಂತ ನನ್ ಗಂಟಲು ದೊಡ್ಡದು."

"ಮಂಜು ಬಿದ್ದಾಗ ಊದ್ತಾರಲ್ಲ, ಆ ಸೈರನ್ನಿಂದೂ ದೊಡ್ಡದೇ ಮಾಮ," ಎಂದ ಬಾರ್ನಬಿ.

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಬಾಯಿ ತೆಗೆದರೆ ಅಳು ಬರುತ್ತೆ... ತೆಗೆಯದಿದ್ದರೆ ಅಪ್ಪನ ಹಾಡು ಹೋಗುತ್ತೆ...

ಬಾರ್ನಬಿಯ ಸರದಿ ಬಂತು. ಯಾವತ್ತೂ ಪಾಸ್ ಎನ್ನುವವನು ಅಂದು ಎದ್ದು ನಿಂತ. ಕಣ್ಣು ಮುಚ್ಚಿದ. ಅವಳ ಅಪ್ಪನ ಹಾಡನ್ನೇ ಎತ್ತಿದ!

ಸೆನಾರಾ ತಿರುಗಿ ಅವನನ್ನೇ ದಿಟ್ಟಿಸಿದಳು.

ನೀನಾ? ಎರಡು ಚಳಿಗಾಲ ಅಪ್ಪನ ದೋಣಿಗೆ ಬಣ್ಣ ಹಚ್ಚುತ್ತಾ, ನಾನು ತಂದ ಟೀ ಕುಡಿಯುತ್ತಾ, ನನ್ನನ್ನೇ ನೋಡುತ್ತಿದ್ದ ನೀನಾ ಇದನ್ನು ಕದಿಯೋದು? ವರ್ಷ ತುಂಬೋವರೆಗಾದರೂ ಕಾಯಬಾರದಿತ್ತಾ?

ಎದ್ದು ಹೋಗೋಣವೆಂದರೆ ದಾರಿಗೆ ಅಡ್ಡ ನಿಂತವನೇ ಕಳ್ಳ.

ಎರಡು ಚರಣ ಸರಿಯಾಗಿಯೇ ಬಂದವು. ಮೂರನೆಯದರಲ್ಲಿ ಅವನು ದೋಣಿಯನ್ನು ಮುಳುಗಿಸಿಬಿಟ್ಟ. ಬೇರೆ ಬಂದರುಗಳಲ್ಲೆಲ್ಲ ಆ ಹಾಡಿನ ದೋಣಿ ಮುಳುಗುತ್ತದೆ, ನಿಜ. ಆದರೆ ಅವಳ ಅಪ್ಪನ ಬಾಯಲ್ಲಿ ಅದು ಪ್ರತಿ ಸಲವೂ ಮನೆಗೆ ಬರುತ್ತಿತ್ತು.

"ನಿಲ್ಸು."

ಮೇಜು ಕುಟ್ಟುತ್ತಿದ್ದ ಕೈಗಳು ನಿಂತವು.

"ನಮ್ಮಪ್ಪ ಒಂದ್ ದಿನಾನೂ ದೋಣಿ ಮುಳುಗ್ಸಿಲ್ಲ," ಎಂದಳು ಸೆನಾರಾ.

"ಮತ್ತೆ... ಹೆಂಗೆ?" ಎಂದ ಬಾರ್ನಬಿ.

"ಹೀಗೆ."

ಸಿಟ್ಟಿನಲ್ಲೇ ಎತ್ತಿದಳು. ಎರಡನೇ ಸಾಲಿಗೆ ಅಳು ಬಂತು. ಅಳುತ್ತಲೇ ಹಾಡಿದಳು. ಗಾಳಿ ತಿರುಗಿತು, ದೀಪಗಳು ಕಂಡವು, ದೋಣಿ ಮನೆಗೆ ಬಂತು. ಪಬ್ಬೆಲ್ಲ ಮೇಜು ಕುಟ್ಟಿ ಪಲ್ಲವಿ ಕೂಗಿತು. ಡೆನ್ಜಿಲ್ ಮಾಮನ ಕೂಗೇ ಎಲ್ಲರಿಗಿಂತ ಜೋರು.

ಬಾರ್ನಬಿ ಮೆಲ್ಲಗೆ ಅವಳ ಪಕ್ಕದಲ್ಲಿ ಕುಳಿತ.

"ನಾನ್ ಹಾಡ್ಲಿ ಅಂತ ಬೇಕಂತಲೇ ತಪ್ಪು ಮಾಡ್ದೆಯಾ?" ಎಂದು ಕೇಳಿದಳು.

"ನಿನ್ನ ದೋಣಿ ದಡ ಸೇರಲಿ ಅಂತ ನನ್ನ ದೋಣೀನ ಮುಳುಗಿಸ್ದೆ ಸೆನಾರಾ," ಎಂದ ಅವನು.

ಸಖತ್ ಡೈಲಾಗ್, ಅಲ್ಲವೇ? ಬರೆದವನು ನಾನು. ಅವನಿಗೆ ಅಷ್ಟೆಲ್ಲ ಬರುವುದಿಲ್ಲ. ಪ್ಲಾನ್ ಗೀನ್ ಏನೂ ಇರಲಿಲ್ಲ. ನಿಜವಾಗಿ ಅವನು ಕಿವಿ ಕೆಂಪಗೆ ಮಾಡಿಕೊಂಡು ಹೇಳಿದ್ದು ಇಷ್ಟೇ:

"ಇಲ್ಲ. ವರ್ಷದೊಳಗೆ ಯಾರಾದ್ರೂ ಒಬ್ರು ಹಾಡಿದ್ರೆ ಹಾಡು ನಿಮ್ ಮನೇಲೇ ಉಳಿಯುತ್ತೆ ಅಂದ್ಕೊಂಡೆ. ಕಣ್ ಬಿಟ್ಟು ನೋಡಿದ್ರೆ ನೀನು ನನ್ನೇ ನುಂಗೋ ಥರ ನೋಡ್ತಿದ್ದೆ... ನಿಮ್ಮಪ್ಪನ ಸಾಲು ಮರ್ತೇ ಹೋಯ್ತು. ನಮ್ಮೂರಲ್ಲಿ ಹಾಡೋದೇ ಬಾಯಿಗ್ ಬಂತು."

"ದಡ್ಡ."

"ಹೂಂ. ಇನ್ನೊಂದ್ ವಿಷ್ಯ... ನಿಮ್ಮಪ್ಪನ ದೋಣೀಲಿ ರಿಪೇರಿ ಮಾಡೋಕೆ ಹೋದ ವರ್ಷದಿಂದ ಏನೂ ಇಲ್ಲ."

"ಗೊತ್ತು. ಗೊತ್ತಿದ್ದೂ ದಿನಾ ಟೀ ಹೊತ್ಕೊಂಡ್ ಬರ್ತಿದ್ದೆನಲ್ಲ, ದೋಣಿ ನೋಡೋಕಾ?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಎದ್ದು ನಿಂತ.

"ದಾರಿ ಬಿಡ್ಲಾ?"

ಅವಳು ಅವನ ತೋಳು ಹಿಡಿದು ಎಳೆದಳು.

"ಸುಮ್ನೆ ಕೂತ್ಕೋ. ಇನ್ನೊಂದ್ ಸುತ್ತು ಇದೆ."