ಮಾರಲಾಗದ ಗುಳಿಗೆ

ನಾನು ಠಾಣೆಯ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮಿದರೆ ಸಾಕು, ಮೂರು ಊರಿನ ಕಳ್ಳರು ಕದ್ದದ್ದನ್ನೆಲ್ಲ ಗಂಟು ಕಟ್ಟಿಕೊಂಡು ಬಂದು ಸಾಲಾಗಿ ನಿಲ್ಲುತ್ತಾರೆ. ಅಂಥ ಹೆಡ್ ಕಾನ್‌ಸ್ಟೆಬಲ್ ನಾನು. ಆದರೆ ಆ ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಬಂದ ದೂರು ಕೆಮ್ಮಿಗೆ ಬಗ್ಗುವಂಥದ್ದಲ್ಲ.

ದೂರುದಾರರು ಔಷಧ ಸಂಶೋಧನಾಲಯದ ಡಾಕ್ಟರಮ್ಮ. ರಕ್ತದ ಮೂಲಕ ಹರಡುವ ಹೆಪಟೈಟಿಸ್ ಸಿ ರೋಗಕ್ಕೆ ಕಂಡುಹಿಡಿದ ಹೊಸ ಗುಳಿಗೆಯನ್ನು ಅಲ್ಲಿ ಆಯ್ದ ರೋಗಿಗಳಿಗೆ ಕೊಟ್ಟು ಪರೀಕ್ಷಿಸುತ್ತಿದ್ದರು. ಅದರ ಒಂದು ಡಬ್ಬಿ ಕಾಣೆಯಾಗಿತ್ತು. ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಸ್ಥಳಕ್ಕೆ ಹೋಗಿ ಪಂಚನಾಮೆ ಬರೆಸಿದರು: ತಣ್ಣನೆಯ ಕೋಣೆ, ಉಕ್ಕಿನ ಕಪಾಟು, ಬೀಗದ ಮೇಲೆ ಒಂದು ಗೀರೂ ಇಲ್ಲ. ಬೀಗ ಆನೆಯ ತಲೆಯಷ್ಟಿತ್ತು ಎಂದು ನಾನು ಹೇಳಿದ್ದನ್ನು ಮಾತ್ರ ಅವರು ಬರೆಸಲಿಲ್ಲ.

"ಮಾರಿದ್ರೆ ಎಷ್ಟು ಸಿಗುತ್ತೆ?" ಇನ್ಸ್‌ಪೆಕ್ಟರ್ ಕೇಳಿದರು.

"ಬಿಡಿಗಾಸೂ ಇಲ್ಲ. ಅದಕ್ಕಿನ್ನೂ ಹೆಸರೇ ಇಟ್ಟಿಲ್ಲ, ಯಾರು ಕೊಳ್ತಾರೆ?"

"ಹಾಗಾದ್ರೆ ನುಂಗೋಕೇ ಕದ್ದಿದ್ದಾರೆ."

ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು. "ನನ್ನ ಭಯವೂ ಅದೇ ಸರ್. ಹೃದಯದ ಬಡಿತ ಸರಿಮಾಡೋ ಮಾತ್ರೆ ಒಂದಿದೆ. ಅದು ಮೈಯಲ್ಲಿರುವಾಗ ಇದನ್ನ ನುಂಗಿದ್ರೆ ಬಡಿತ ನಿಧಾನ ಆಗ್ತಾ ಆಗ್ತಾ ನಿಂತೇ ಹೋಗಬಹುದು. ಅಂಥವರನ್ನ ನಾವು ಸೇರಿಸ್ಕೊಳ್ಳೋದೇ ಇಲ್ಲ."

"ಹಾಗೆ ವಾಪಸ್ ಕಳಿಸಿದಾಗ ಜಾಸ್ತಿ ಅತ್ತೋರು ಯಾರು?"

"ಒಬ್ಬ ಬಸ್ ಡ್ರೈವರ್ ಬಂದಿದ್ದ. ಅವನೇನೂ ಅಳಲಿಲ್ಲ. ಅವನ ಅಕ್ಕ ಅತ್ತಳು. ನಮ್ಮ ನರ್ಸೇ."

"ಬೀಗದ ಕೈ?"

"ಒಂದು ನನ್ನ ಹತ್ರ, ಇನ್ನೊಂದು ಅವಳ ಹತ್ರ. ಇವತ್ತು ರಜೆ ಹಾಕಿದ್ದಾಳೆ." ಆಕೆ ತಟ್ಟನೆ ಎದ್ದು ನಿಂತರು. "ಅಯ್ಯೋ! ಹೃದಯದ ಮಾತ್ರೆ ನಿಲ್ಲಿಸಿ ಇದನ್ನ ಕೊಟ್ಟಿರ್ತಾಳೆ. ನಿಲ್ಲಿಸಿದ್ರೂ ಅದು ತಿಂಗಳುಗಟ್ಟಲೆ ಮೈ ಬಿಟ್ಟು ಹೋಗಲ್ಲ ಸರ್!"

ನರ್ಸಿನ ಫೋನಿಗೆ ಎಷ್ಟು ಸಲ ಮಾಡಿದರೂ ಎಂಗೇಜ್. ಜೀಪು ಗಾಳಿಯನ್ನೇ ಹಿಂದಿಕ್ಕಿತು. ಆಕೆಯ ಮನೆ ನಾಲ್ಕನೇ ಮಹಡಿ. ನಾಲ್ಕೂ ಮಹಡಿಯನ್ನು ನಾನು ಒಂದೇ ನೆಗೆತಕ್ಕೆ ಹತ್ತಿ, ಬಾಗಿಲನ್ನು ಒದ್ದು ಪುಡಿ ಮಾಡಿ, ತಮ್ಮನ ಎದೆ ಒತ್ತಿ, ಯಮನ ಕೋಣವನ್ನು ಬಾಲ ಹಿಡಿದು ಹಿಂದಕ್ಕೆಳೆದು...

ಠಾಣೆಯ ಹುಡುಗರಿಗೆ ಇಷ್ಟು ಹೇಳುವಷ್ಟರಲ್ಲಿ ಬೆನ್ನ ಹಿಂದೆ ಇನ್ಸ್‌ಪೆಕ್ಟರರ ದನಿ: "ಏನಯ್ಯಾ, ಮೂರನೇ ಮಹಡೀಲಿ ಕಂಬಿ ಹಿಡ್ಕೊಂಡು ಕೂತಿದ್ದೋನು ಯಾರು, ನಿಮ್ಮಜ್ಜನಾ?"

ಸಿಕ್ಕಿಬಿದ್ದೆ. ನಿಜ ಹೇಳುತ್ತೇನೆ.

ಬಾಗಿಲು ತೆರೆದೇ ಇತ್ತು. ಒಳಗಿನಿಂದ ಒಬ್ಬ ಹೆಂಗಸು ಎಣಿಸುತ್ತಿದ್ದದ್ದು ಮೆಟ್ಟಿಲಿಗೇ ಕೇಳುತ್ತಿತ್ತು. "ಒಂಬತ್ತು... ಹತ್ತು..." ಹನ್ನೊಂದು ಬರಲಿಲ್ಲ. ಕಾದೆ. ಕೊನೆಗೂ ಬಂತು. ಹನ್ನೆರಡು ಇನ್ನೂ ತಡವಾಯಿತು. ನಾನು ಮೂರನೇ ಮಹಡಿಯ ಕಂಬಿ ಹಿಡಿದು ಅಲ್ಲೇ ಕೂತುಬಿಟ್ಟೆ. ಒಳಗೆ ಹೋದವರು ಇನ್ಸ್‌ಪೆಕ್ಟರ್ ಒಬ್ಬರೇ. ಅಕ್ಕ ತಮ್ಮನ ಮಣಿಕಟ್ಟಿನ ನಾಡಿ ಹಿಡಿದು ನೆಲದ ಮೇಲೆ ಕುಳಿತಿದ್ದಳಂತೆ. ತಿರುಗಿಯೂ ನೋಡದೆ, "ಆಂಬುಲೆನ್ಸ್ ಬರ್ತಿದೆ. ಅಲ್ಲೀವರೆಗೂ ಕೈ ಬಿಡಿಸಬೇಡಿ" ಎಂದಳಂತೆ.

ತಮ್ಮ ಬದುಕಿದ. ಆಕೆಯ ಬಂಧನವಾದದ್ದು ಆಸ್ಪತ್ರೆಯ ಹಜಾರದಲ್ಲಿ. ಹೇಳಿಕೆ ಚಿಕ್ಕದು: "ಅವನು ಚಿಕ್ಕೋನಿದ್ದಾಗ ಜ್ವರ ಬಂದಿತ್ತು. ನಾನಾಗ ಕೆಲಸ ಕಲೀತಿದ್ದೆ. ಯಾರಿಗೋ ಬಳಸಿದ ಸೂಜೀನ ಬಿಸಿನೀರಲ್ಲಿ ತೊಳೆದು ಚುಚ್ಚಿದೆ. ಈ ರೋಗ ಅವನಿಗೆ ನನ್ನ ಕೈಯಿಂದಲೇ ಬಂದಿದ್ದು ಸರ್. ಅವನಿಗೆ ಗೊತ್ತಿಲ್ಲ."

ಆಮೇಲೆ ನನ್ನನ್ನು ವಾರ್ಡಿನ ಕಾವಲಿಗೆ ಹಾಕಿದರು. ಸಂಜೆ ಅವನು ಕಣ್ಣು ಬಿಟ್ಟು, "ಅಕ್ಕ ಎಲ್ಲಿ?" ಅಂದ.

ಹುಟ್ಟಿದಾಗಿನಿಂದ ಸುಳ್ಳು ಹೇಳಿಕೊಂಡೇ ಬಂದ ನನಗೆ ಆಗ ಒಂದೂ ಹೊಳೆಯಲಿಲ್ಲ.